ಮಾಸ್ಟ್ರ ಬಟವಾಡೆ

ನಮ್ಮ ಕಡೆ ಊರಿಗೊಬ್ಬರು ನಿವೃತ್ತ ಪೋಸ್ಟ್‌ಮಾಸ್ಟ್ರು ಇದ್ದೇ ಇರುತ್ತಾರೆ. ಕಿಸೆಯಲ್ಲಿ ಎರಡು ಪೆನ್ನು, ಕನ್ನಡಕಕ್ಕೆ ದಾರ. ಧರ್ಮಸ್ಥಳದ ನಮ್ಮ ಮಾಸ್ಟ್ರು ಮನೆಗೆ ದಾರಿ ಕೇಳಿದರೂ 574216 ಸೇರಿಸಿಯೇ ಹೇಳುವವರು. ಇಲಾಖೆ ಅವರನ್ನು ಬಿಟ್ಟಿತು, ಬಟವಾಡೆ ಬಿಡಲಿಲ್ಲ. ಈಗ ಅವರ ಆಫೀಸು ಜಿಮೇಲ್.

ಬೆಳಿಗ್ಗೆ ಕಾಫಿ ಕುಡಿದು ಕೂತರೆ ಮೊದಲು ತೆರೆಯುವುದು ಸ್ಪ್ಯಾಮ್ ಪೆಟ್ಟಿಗೆ. ಇನ್‌ಬಾಕ್ಸಿನದ್ದು ಹೇಗೂ ತಲುಪಿ ಆಯಿತಲ್ಲ!

“ಪಾಪ, ಎಲ್ಲಿಂದಲೋ ಬಂದದ್ದನ್ನು ಬಾಗಿಲಲ್ಲೇ ನಿಲ್ಲಿಸಿದ್ದಾರೆ ಮಾರಾಯಾ. ಛತ್ರಕ್ಕೆ ಬಂದವರನ್ನು ನೀವು ಯಾರು, ಎಂತ ಅಂತ ಕೇಳಿ ಬಡಿಸ್ಲಿಕ್ಕುಂಟಾ?”

ಅನ್ನಪೂರ್ಣ ಛತ್ರದ ಊರಿನಲ್ಲಿ ಈ ಮಾತಿಗೆ ಎದುರಾಡುವುದು ಹೇಗೆ? ಅವರು ‘ಸ್ಪ್ಯಾಮ್ ಅಲ್ಲ’ ಒತ್ತುತ್ತಾರೆ. ಖಾಲಿ ಚೌಕಗಳಿದ್ದಲ್ಲಿ ಒಂದೊಂದಾಗಿ ಚಿತ್ರ ಮೂಡುತ್ತದೆ: ಲಾಟರಿ, ಮಂಡಿನೋವಿನ ಎಣ್ಣೆ, ಜಾಮೀನಿಲ್ಲದ ಸಾಲ. ಎಲ್ಲದಕ್ಕೂ ಉತ್ತರ ಹೋಗುತ್ತದೆ. ಸಾಲದವನಿಗೆ ಬರೆದದ್ದನ್ನು ನಾನೇ ಕಂಡಿದ್ದೇನೆ: ‘ತಮ್ಮ ಪತ್ರ ತಲುಪಿತು. ಸದ್ಯ ಸಾಲದ ಅಗತ್ಯ ಇಲ್ಲ. ಲಕ್ಷದೀಪಕ್ಕೆ ಬಂದರೆ ಮನೆಗೆ ಬನ್ನಿ.’

ದಿನಕ್ಕೆ ಹತ್ತು ಬರುತ್ತಿದ್ದದ್ದು ನೂರಾಯಿತು. ಮಾಸ್ಟ್ರಿಗೆ ಹೆಮ್ಮೆ. ನಿವೃತ್ತರಾದ ಮೇಲೆ ಇಷ್ಟು ಟಪಾಲು ಯಾರಿಗೆ ಬರುತ್ತದೆ ಹೇಳಿ!

ನಾನೊಂದು ದಿನ ಬುದ್ಧಿ ಹೇಳಲು ಹೋದೆ. ಅಕ್ಷರ ಓದಿ ಸ್ಪ್ಯಾಮ್ ಹಿಡಿಯುವ ಜರಡಿಗಳನ್ನು ದಾಟಲಿಕ್ಕೆ, 2006ರ ಸುಮಾರಿಗೆ, ಖದೀಮರು ಜಾಹೀರಾತನ್ನೇ ಚಿತ್ರ ಮಾಡಿ ಮೇಲ್‌ನೊಳಗೆ ತುರುಕತೊಡಗಿದರು. ಯಂತ್ರಕ್ಕೆ ಓದಲಾಗದಿರಲೆಂದು ಅದರ ಮೇಲೆ ಚುಕ್ಕೆ, ಗೀಟು ಬೇರೆ ಎಳೆದರು ಎಂದೆ.

“ಅದೆಂತ ದೊಡ್ಡದು? ನಮ್ಮ ಕಾಲದಲ್ಲಿ ವಿಳಾಸವನ್ನೇ ಹಾಗೆ ಬರೀತಿದ್ರು. ನಾನು ಮುಟ್ಟಿಸ್ಲಿಲ್ವಾ?”

ದಾರಿ ಬದಲಿಸಿದೆ. “ಮಾಸ್ಟ್ರೇ, ಕೆಲವು ಚಿತ್ರ ಲಕೋಟೆಯೊಳಗೇ ಇರ್ತದೆ. ಕೆಲವು ಇರುವುದಿಲ್ಲ, ಚಿತ್ರ ಅವರ ಕಂಪ್ಯೂಟರಿನಲ್ಲೇ ಉಂಟು, ನೀವು ತೆರೆದಾಗ ಅಲ್ಲಿಂದ ತರಿಸಬೇಕು. ತರಿಸಿದ ಕೂಡಲೇ ಅವನಿಗೆ ಗೊತ್ತಾಗ್ತದೆ, ಈ ವಿಳಾಸದಲ್ಲಿ ಜನ ಇದ್ದಾರೆ ಅಂತ. ಅದಕ್ಕೇ ಸಾಸಿವೆಗಿಂತ ಸಣ್ಣ, ಕಣ್ಣಿಗೇ ಕಾಣದ ಚಿತ್ರ ಇಟ್ಟಿರ್ತಾರೆ. ಅವನಿಗೆ ಅದೇ ಎ.ಡಿ. ಕಾರ್ಡು, ಮುಟ್ಟಿದ್ದಕ್ಕೆ ರಸೀದಿ.”

ಮಾಸ್ಟ್ರು ಕನ್ನಡಕ ತೆಗೆದರು.

“ಎ.ಡಿ.? ನನ್ನ ಸಹಿ ಇಲ್ಲದೆ?”

“ಸಹಿ ಇಲ್ಲದೆ.”

“ತಾರೀಕು?”

“ಗಂಟೆ, ನಿಮಿಷ ಸಮೇತ.”

ಇದುವರೆಗೆ ವಂಚನೆ, ವೈರಸ್ಸು, ಬ್ಯಾಂಕ್ ಖಾತೆ ಎಂದು ಏನು ಹೆದರಿಸಿದರೂ ಅಲುಗದವರು ಈಗ ಕೆಂಪಾದರು. 2025ರ ಸೆಪ್ಟೆಂಬರ್ 1ರಂದು ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ ದಿನವೂ ಅವರು ಇಷ್ಟು ನೊಂದಿರಲಿಲ್ಲ. ಜಿಮೇಲ್ 2013ರ ಡಿಸೆಂಬರಿನಿಂದ ಚಿತ್ರಗಳನ್ನು ತನ್ನ ಯಂತ್ರಗಳ ಮೂಲಕವೇ ತರಿಸಿ ತೋರಿಸುತ್ತದೆ, ನೀವು ಯಾವ ಕಡೆಯಿಂದ ನೋಡಿದಿರೆಂದು ಅವನಿಗೆ ತಿಳಿಯದು, ತೆರೆದದ್ದು ಮಾತ್ರ ತಿಳಿಯಬಹುದು ಎಂದು ಸಮಾಧಾನ ಹೇಳಿದೆ. ಕಿವಿಗೆ ಹೋಗಲಿಲ್ಲ. ನನ್ನನ್ನು ಕೂರಿಸಿ, ಸೆಟ್ಟಿಂಗ್‌ನಲ್ಲಿ ‘ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು’ ಎಂದು ಮಾಡಿಸಿಯೇ ಎಬ್ಬಿಸಿದರು.

ವಾರದೊಳಗೆ ಬೆಂಗಳೂರಿನ ಅಳಿಯನಿಂದ ಮೊಮ್ಮಗಳ ನಾಮಕರಣದ ಕರೆಯೋಲೆ ಬಂತು. ಯಾವುದೋ ಆಮಂತ್ರಣ ಕಂಪನಿಯ ಮೂಲಕ ಕಳಿಸಿದ್ದು. ಮಾಸ್ಟ್ರ ಪರದೆಯ ಮೇಲೆ ಬರೀ ಬಿಳಿ ಚೌಕ. ‘ಚಿತ್ರ ತೋರಿಸು’ ಒತ್ತಿ ಎಂದು ನಾನೂ ಹೇಳಿದೆ, ಮನೆಯವರೂ ಹೇಳಿದರು. ಮಾಸ್ಟ್ರು ಫೋನೇ ಹಚ್ಚಿದರು.

“ಅಳಿಯಂದ್ರೇ, ಚಿತ್ರ ಲಕೋಟೆಯೊಳಗೇ ಹಾಕಿ ಕಳಿಸಿ. ತೂಕ ಮೂರರಲ್ಲೊಂದು ಪಾಲು ಹೆಚ್ಚಾಗ್ತದಂತೆ, ನಮ್ಮ ಹುಡುಗ ಹೇಳಿದ. ಚಿಂತೆ ಇಲ್ಲ, ಸ್ಟಾಂಪಿನದ್ದು ನಾನು ಕೊಡ್ತೇನೆ.”