ಕಡ್ಡಿ ಆಡಿಸುವ ಸುಖ

ಸ್ನಾನ ಮುಗಿಸಿ, ಜಗುಲಿಯ ಕುರ್ಚಿಗೆ ಒರಗಿ, ಕಿವಿಗೆ ಬಡ್ಸ್ ಇಟ್ಟು, ಕಣ್ಣು ಅರೆಮುಚ್ಚಿ, ಬಾಯಿ ಸೊಟ್ಟ ಮಾಡಿಕೊಂಡು ಕೂರುವ ಸುಖ ಇದೆಯಲ್ಲ, ಅದನ್ನು ಕಾಣದವರ ಜನ್ಮ ದಂಡ ಅಂತಲೇ ನಂಬಿದ್ದೆ. ಬಡ್ಸ್ ಇಲ್ಲದ ದಿನ ಬೆಂಕಿಕಡ್ಡಿ, ಅದೂ ಇಲ್ಲದಿದ್ದರೆ ಸ್ಕೂಟರಿನ ಕೀ. ಊರವರ ಸಂಸಾರದಲ್ಲಿ ಕಡ್ಡಿ ಆಡಿಸುವವರಿಗಿಂತ ನಾನೇ ವಾಸಿ, ನನ್ನ ಕಿವಿಯಲ್ಲಿ ನಾನೇ ಆಡಿಸಿಕೊಳ್ಳುತ್ತೇನೆ ಎಂಬ ಜಂಬ ಬೇರೆ.

ಆ ಭಾನುವಾರ ಮಗರಾಯ ಓಡಿಬಂದು ನನ್ನ ಮೊಣಕೈಗೆ ಡಿಕ್ಕಿ ಹೊಡೆದ. ತಲೆಯೊಳಗೆ ‘ಟಪ್’ ಅಂತು. ಜೀವ ಹೋದಂಥ ನೋವು, ಬಡ್ಸಿನ ತುದಿಗೆ ಒಂದು ಹನಿ ರಕ್ತ. ಆಮೇಲೆ ಕಿವಿಯೊಳಗೆ ಯಾರೋ ಕುಕ್ಕರ್ ಇಟ್ಟು ಮರೆತಂತೆ ಒಂದೇ ಸಮ ಕುಯ್ಯೋ ಸದ್ದು.

ನಮ್ಮಲ್ಲಿ ಕಿವಿಗೆ ಏನಾದರೂ ಆದರೆ ಡಾಕ್ಟರಿಗಿಂತ ಮೊದಲು ಎಣ್ಣೆ ಬರುತ್ತದೆ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಿಡಿದು ನಿಂತರು. ಪಕ್ಕದ ಮನೆಯವರು ಹೋದ ವರ್ಷದ ಡ್ರಾಪ್ಸ್ ತಂದರು. “ಒಗ್ಗರಣೆ ಹಾಕೋಕೆ ಅದೇನು ಬಾಣಲೆಯಾ? ನಡೀರಿ ಡಾಕ್ಟ್ರ ಹತ್ರ” ಎಂದು ಹೆಂಡತಿ ಆಟೋ ಹತ್ತಿಸಿದಳು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, “ತಮಟೆ ತೂತಾಗಿದೆ” ಅಂದರು. ಆ ತಮಟೆಯ ಅಗಲ ಸುಮಾರು 1 ಸೆಂಟಿಮೀಟರ್, ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲಂತೆ. ಹಪ್ಪಳಕ್ಕಿಂತ ತೆಳು! ಗುಗ್ಗೆ ತಾನಾಗಿಯೇ ಹೊರಗೆ ಸರಿದು ಬರುತ್ತದಂತೆ. “ಬಾಗಿಲಿಗೆ ಬಂದ ಕಸವನ್ನ ನೀವು ದಿನಾ ಮತ್ತೆ ಒಳಕ್ಕೆ ಗುಡಿಸ್ತಿದ್ರಿ” ಅಂದರು.

ಆಮೇಲೆ ಕಬ್ಬಿಣದ ಕವೆಯಂಥದೊಂದನ್ನು ಬಡಿದು, ಅದರ ಬುಡವನ್ನು ನನ್ನ ಹಣೆಯ ಮಧ್ಯೆ ಒತ್ತಿ, “ಯಾವ ಕಡೆ ಜೋರು?” ಅಂದರು. ವಿಚಿತ್ರ ನೋಡಿ, ಕೆಟ್ಟ ಕಿವಿಯಲ್ಲೇ ಜೋರು! ನಾಟಕ ಅಂದುಕೊಂಡಾರು ಎಂದು ಅಳುಕುತ್ತಲೇ ಹೇಳಿದೆ. “ಒಳ್ಳೇದೇ ಆಯ್ತು. ಒಳಗಿನ ನರ ಚೆನ್ನಾಗಿದೆ. ಗಾಳಿಯಲ್ಲಿ ಬರೋ ಸದ್ದಿಗೆ ತಡೆ ಆದಾಗ, ಮೂಳೆಯಲ್ಲಿ ಬರೋದು ಆ ಕಡೆಯೇ ಜೋರಾಗಿ ಕೇಳುತ್ತೆ.”

“ಔಷಧಿ?”

“ಸುಮ್ಮನಿರೋದು.”

ಇಂಥ ಹೊಸ ತೂತು ಹೆಚ್ಚಾಗಿ ಕೆಲವು ವಾರಗಳಲ್ಲಿ, ತಡವಾದರೆ 2–3 ತಿಂಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದಂತೆ. ಅಲ್ಲಿಯವರೆಗೆ ನೀರು ಕೂಡದು. ತಲೆಗೆ ಸ್ನಾನವಾದರೆ ವ್ಯಾಸಲೀನ್ ಸವರಿದ ಹತ್ತಿ. ಈಜು ಇಲ್ಲ, ಮೂಗಿನಿಂದ ಜೋರಾಗಿ ಗಾಳಿ ಊದುವಂತಿಲ್ಲ. ಎಣ್ಣೆ ಬೇಡ, ಕಂಡಕಂಡ ಡ್ರಾಪ್ಸೂ ಬೇಡ, ಅವುಗಳಲ್ಲಿ ಕೆಲವು, ತೂತಿನಿಂದ ಒಳಗಿಳಿದರೆ, ಕೇಳುವ ಶಕ್ತಿಗೇ ಕುತ್ತು. ಕೀವು, ಜ್ವರ, ತಲೆಸುತ್ತು ಬಂದರೆ ಓಡಿ ಬರಬೇಕು. ಮುಚ್ಚಿಕೊಳ್ಳದೇ ಉಳಿದರೆ ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳು ಹೊದಿಕೆಯನ್ನೇ ತೆಗೆದು ತೇಪೆ ಹಾಕುತ್ತಾರೆ.

ಫೀಸು ಕೊಟ್ಟು ‘ಸುಮ್ಮನಿರಿ’ ಅನ್ನಿಸಿಕೊಂಡು ಬಂದೆ. ಮನೆಯಲ್ಲಿ ಅದು ಇಪ್ಪತ್ತು ವರ್ಷದಿಂದ ಪುಕ್ಕಟೆ ಸಿಗುತ್ತಿತ್ತು. ಆದರೆ ಏನೂ ಮಾಡದೆ ಕೂರುವುದಕ್ಕಿಂತ ಕಹಿ ಕಷಾಯ ವಾಸಿ. ಕೈ ತಾನಾಗಿ ಮೇಲೇಳುವುದು, ಹೆಂಡತಿ ಕೆಮ್ಮುವುದು, ಕೈ ನಡುದಾರಿಯಲ್ಲಿ ದಿಕ್ಕು ಬದಲಿಸಿ ತಲೆ ಕೆರೆಯುವುದು. ಹೀಗೇ ಏಳು ವಾರ ಕಳೆಯಿತು. ತೂತು ಮುಚ್ಚಿತು, ಕುಕ್ಕರೂ ಇಳಿಯಿತು.

ಮೊನ್ನೆ ಸಿಟಿ ಬಸ್ಸಿನಲ್ಲಿ ಪಕ್ಕದ ಯಜಮಾನರು ಕಿವಿಗೆ ಕೀ ಇಟ್ಟು, ಕಣ್ಣು ಅರೆಮುಚ್ಚಿ, ಬಾಯಿ ಸೊಟ್ಟ ಮಾಡಿ ಕೂತಿದ್ದರು. ಮುಂದೆ ರೋಡ್ ಹಂಪು. ಬುದ್ಧಿ ಹೇಳಿದರೆ ಕಡ್ಡಿ ಆಡಿಸಿದಂತಾದೀತು. ನನ್ನ ಮೊಣಕೈಯನ್ನು ಮಾತ್ರ ಬಿಗಿಯಾಗಿ ಒಳಗೆಳೆದುಕೊಂಡು, “ಸ್ವಾಮಿ, ಟೈಮೆಷ್ಟು?” ಎಂದೆ. ಗಡಿಯಾರ ನೋಡಲು ಕೈ ಇಳಿಸಿದರು.