ಕುಕ್ಕುಂದೂರು ಸಿದ್ಧಾಂತ: ಅದ್ಭುತ ಕಥೆಗಳ ಹುಟ್ಟು, ವಯಸ್ಸು ಮತ್ತು ಕೈಕಾಲುಗಳ ಕುರಿತು ಒಂದು ಘನ ಸಂಶೋಧನೆ

ಅದ್ಭುತ ಕಥೆಗಳು ಹುಟ್ಟುವುದೆಲ್ಲಿ ಎಂದು ಕೇಳಿದರೆ ಪಾಶ್ಚಾತ್ಯ ಪಂಡಿತರು ಆಕ್ಸ್‌ಫರ್ಡ್ ಎನ್ನುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅವರಲ್ಲಿ ಒಬ್ಬರಾದರೂ ಕುಕ್ಕುಂದೂರಿನ ಜೋಡುರಸ್ತೆಯಲ್ಲಿ ಬಸ್ಸಿಳಿದು ಚಾಯ ಕುಡಿದವರಲ್ಲ. ಪ್ರಸ್ತುತ ಪ್ರಬಂಧಕಾರನು ಇಳಿದಿದ್ದಾನೆ, ಕುಡಿದಿದ್ದಾನೆ. ಎರಡನೆಯ ಗೋಳಿಬಜೆ ಮುರಿಯುವ ಹೊತ್ತಿಗೆ ಸಿದ್ಧಾಂತವೂ ಹೊಳೆದಿದೆ. ಊರಿನ ಹೆಸರಿನ ವ್ಯುತ್ಪತ್ತಿಗೆ ಮಾತ್ರ ಅವನು ಕೈ ಹಾಕುವುದಿಲ್ಲ. ಸ್ಥಳನಾಮದ ಕಾಡು ಹೊಕ್ಕ ಅನೇಕ ವಿದ್ವಾಂಸರು ಇನ್ನೂ ಹೊರಗೆ ಬಂದಿಲ್ಲ.

ಸೂತ್ರ ಇಷ್ಟೇ: ಶಾಸನ ಎಲ್ಲಿ ಬಾಯಿ ಮುಚ್ಚುತ್ತದೋ ಕಥೆ ಅಲ್ಲಿ ಬಾಯಿ ತೆರೆಯುತ್ತದೆ. ಸೂತ್ರ ಗಿಡ್ಡವಾದಷ್ಟೂ ಭಾಷ್ಯ ಉದ್ದವಾಗಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಆದ್ದರಿಂದ ಓದುಗರು ಸಹಿಸಿಕೊಳ್ಳಬೇಕು.

ಮೊದಲು ದಾಖಲೆ. ಕುಕ್ಕುಂದೂರಿನ ಪಕ್ಕದ ಕಾರ್ಕಳದಲ್ಲಿ, ಬೆಟ್ಟದ ಮೇಲೆ, 42 ಅಡಿಯ ಗೊಮ್ಮಟ ನಿಂತಿದ್ದಾನೆ. ವೀರಪಾಂಡ್ಯ ಭೈರರಸ ಅವನನ್ನು ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ಶಾಸನದಲ್ಲಿ ಅರಸನ ಹೆಸರಿದೆ, ಅವನ ತಂದೆಯ ಹೆಸರಿದೆ, ಉಪದೇಶ ಕೊಟ್ಟ ಲಲಿತಕೀರ್ತಿ ಮುನಿಗಳ ಹೆಸರಿದೆ, ತಿಥಿ ವಾರವೂ ಇದೆ. ಉಳಿ ಹಿಡಿದವನ ಹೆಸರು ಮಾತ್ರ ಇಲ್ಲ.

ಅವನನ್ನು ನೆನಪಿಟ್ಟುಕೊಂಡದ್ದು ತುಳುವಿನ ಪಾಡ್ದನ. ಗದ್ದೆಯಲ್ಲಿ ನೇಜಿ ನೆಡುತ್ತ, ಕೋಲದ ರಾತ್ರಿ ತೆಂಬರೆ ಬಡಿಯುತ್ತ ಹಾಡಿದವರು ಅವನಿಗೆ ಬೀರು ಕಲ್ಕುಡ ಎಂಬ ಹೆಸರು ಕೊಟ್ಟರು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ಕಡೆದ ಶಂಭು ಕಲ್ಕುಡನ ಮಗನಂತೆ ಇವನು. ಕಾರ್ಕಳದ ಕೆಲಸ ಮುಗಿಯಿತು. ಇಂಥದ್ದು ಇನ್ನೊಂದು ಊರಲ್ಲಿ ಏಳಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಲ್ಲಿ ಬೀರು ವೇಣೂರಿಗೆ ಹೋಗಿ ಅಜಿಲ ಅರಸರಿಗಾಗಿ ಮತ್ತೊಬ್ಬ ಗೊಮ್ಮಟನನ್ನು ನಿಲ್ಲಿಸಿದ. ಅಣ್ಣನ ಗತಿ ಕಂಡ ತಂಗಿ ಕೆರಳಿದಳು. ಇಬ್ಬರೂ ಮಾಯಕವಾಗಿ ಕಲ್ಕುಡ, ಕಲ್ಲುರ್ಟಿ ಎಂಬ ದೈವಗಳಾದರು, ಅರಸನನ್ನು ಕಾಡಿದರು, ತುಳುನಾಡಿನಲ್ಲಿ ಇಂದಿಗೂ ಕೋಲ ಪಡೆಯುತ್ತಾರೆ. ಬರ್ನೆಲ್ ಎಂಬ ಇಂಗ್ಲಿಷ್ ನ್ಯಾಯಾಧೀಶನ ಸಂಗ್ರಹದಲ್ಲಿದ್ದ ಈ ಕಥೆ 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು.

ಈಗ ಪೂರ್ವಪಕ್ಷ. ಇತಿಹಾಸಕಾರ ಕನ್ನಡಕ ಒರೆಸಿಕೊಂಡು ಎದ್ದು ನಿಲ್ಲುತ್ತಾನೆ: ಸ್ವಾಮೀ, ತಿಮ್ಮರಾಜ ಅಜಿಲ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ನಡುವೆ 172 ವರ್ಷ ಬಿತ್ತಲ್ಲ? ಕಾರ್ಕಳದಲ್ಲಿ ಬೀರುವಿಗೆ ಇಪ್ಪತ್ತಾಗಿದ್ದರೆ ವೇಣೂರಿನಲ್ಲಿ 192 ಆಗಿರಬೇಕು. ಬೆಳಗೊಳದ ಮೂರ್ತಿ ಹತ್ತನೆಯ ಶತಮಾನದ್ದಾದ್ದರಿಂದ ಶಂಭು ಕಲ್ಕುಡ ಮಗನ ಮುಖ ನೋಡಲು ನಾನೂರಕ್ಕೂ ಹೆಚ್ಚು ವರ್ಷ ಕಾದಿರಬೇಕು.

ಸಿದ್ಧಾಂತಿಯ ಉತ್ತರ: ಹೌದು, ಕಾದ. ಬೆಳಗೊಳದ್ದು 58 ಅಡಿ, ಕಾರ್ಕಳದ್ದು 42, ವೇಣೂರಿನದು ಇನ್ನೂ ಗಿಡ್ಡ. ಅಪ್ಪನಿಗಿಂತ ಮಗ ಸಣ್ಣವನು, ಎರಡು ಕೈಗಿಂತ ಒಂದು ಕೈ ಚಿಕ್ಕದು. ಅಳತೆಪಟ್ಟಿಯೇ ಪಾಡ್ದನದ ಪರವಾಗಿ ಸಾಕ್ಷಿ ಹೇಳುವಾಗ ಇಸವಿಗಳು ತಕರಾರು ತೆಗೆಯುವುದು ಉದ್ಧಟತನ. ಮೂರು ಊರು, ಮೂರು ರಾಜ್ಯ, ಆರು ಶತಮಾನಗಳ ಕೆಲಸವನ್ನು ಒಂದು ಮನೆಯ ಅಪ್ಪ, ಮಗ, ಮಗಳಿಗೆ ಇಳಿಸಿದ್ದು ಹಾಡಿದವರ ಲೆಕ್ಕದ ತಪ್ಪಲ್ಲ. ಹೆಸರಿಲ್ಲದೆ ಹೋದ ಕಲ್ಲುಕುಟಿಗರಿಗೆಲ್ಲ ಒಟ್ಟಾಗಿ ಒಂದು ಮನೆತನ ಮಾಡಿಕೊಟ್ಟದ್ದು ಅದು. ಈ ಒಂದು ವಾಕ್ಯದಲ್ಲಿ ಪ್ರಬಂಧಕಾರನು ತಮಾಷೆ ಮಾಡುತ್ತಿಲ್ಲ.

ಈಗ ಆಕ್ಸ್‌ಫರ್ಡ್ ಕಡೆಗೆ. ಹಳೆಯ ನಾರ್ಸ್ ಕಾವ್ಯದಲ್ಲಿ ವೋಲುಂಡ್ ಎಂಬ ಕಮ್ಮಾರನಿದ್ದಾನೆ. ಓಡಿಹೋಗದಂತೆ ಅರಸ ಅವನ ಕಾಲಿನ ನರ ಕತ್ತರಿಸುತ್ತಾನೆ; ಅವನು ಭೀಕರವಾಗಿ ಸೇಡು ತೀರಿಸಿಕೊಂಡು ಹಾರಿಹೋಗುತ್ತಾನೆ. ಇದೇ ಕಾವ್ಯರಾಶಿಯಿಂದ ಆಕ್ಸ್‌ಫರ್ಡಿನ ಮೇಷ್ಟ್ರು ಟೋಲ್ಕಿನ್ ತಮ್ಮ ಅದ್ಭುತ ಕಥೆಗಳಿಗೆ ಕುಳ್ಳರ ಹೆಸರುಗಳನ್ನೂ ಗ್ಯಾಂಡಾಲ್ಫ್ ಎಂಬ ಹೆಸರನ್ನೂ ಎತ್ತಿಕೊಂಡರು. ನಿಧಿ ಕಾಯುವ ಘಟಸರ್ಪಕ್ಕೆ ‘ಬಿಯೊವುಲ್ಫ್’ ಇತ್ತು. ಜಾರ್ಜ್ ಮಾರ್ಟಿನ್ ರೋಮನರ ಹೇಡ್ರಿಯನ್ ಗೋಡೆ ನೋಡಿ ಬಂದು ತಮ್ಮ ಕಾದಂಬರಿಯಲ್ಲಿ ಅದನ್ನು 700 ಅಡಿಗೆ ಏರಿಸಿದರು. ಪಂಚಾಯತ್ ಲೈಸೆನ್ಸ್ ಕೇಳುವವರಿರಲಿಲ್ಲ. ನಮ್ಮ ಘಟ್ಟದ ಮೇಲೆ ಶಿಲ್ಪಿ ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಂಡು ಕೈದಾಳದಲ್ಲಿ ಮರಳಿ ಪಡೆದ. ಘಟ್ಟದ ಮೇಲಿನವರು ಸೌಮ್ಯರು, ಅರಸನನ್ನು ದೂರುವುದಿಲ್ಲ.

ಕೈಕಾಲು ಕಳೆದುಕೊಂಡ ಕುಶಲಕರ್ಮಿ ಅದ್ಭುತ ಕಥೆಯ ಮೊದಲ ಲಕ್ಷಣವಾದರೆ ಎರಡನೆಯದು, ಸಿಕ್ಕಿದ ಹಸ್ತಪ್ರತಿ. ಎಲ್ಲೋ ಹಳೆಯ ಪೆಟ್ಟಿಗೆ, ಅದರೊಳಗೆ ಗ್ರಂಥ, ನಾನು ಬರಿಯ ಪ್ರಕಟಣಕಾರ ಎಂಬ ಮುಖ. ಇದರ ಪೇಟೆಂಟ್ ಕಾರ್ಕಳ ತಾಲೂಕಿನ ನಂದಳಿಕೆಗೆ ಸಲ್ಲಬೇಕು. ಅಲ್ಲಿಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ಹಗಲು ಹುಡುಗರಿಗೆ ಕವಾಯತು, ರಾತ್ರಿ ಹಳಗನ್ನಡ. ತಾನೇ ಬರೆದದ್ದನ್ನು ಹಳೆಯ ಕವಿಯ ಪ್ರತಿ ಎಂದು ಮೈಸೂರಿನ ಪತ್ರಿಕೆಗೆ ಕಳಿಸಿದರು. ಪಂಡಿತರು ನಂಬಿ ಅಚ್ಚು ಹಾಕಿದರು. ‘ರಾಮಾಶ್ವಮೇಧ’ದ ಕರ್ತೃ ಮುದ್ದಣ ಅವರೇ ಎಂದು ಲೋಕಕ್ಕೆ ಸರಿಯಾಗಿ ಗೊತ್ತಾಗುವಾಗ ಅವರು ತೀರಿಹೋಗಿದ್ದರು. 1901ರಲ್ಲಿ, ಕೇವಲ 31ರ ವಯಸ್ಸಿಗೆ. ಆ ಕೃತಿಯಲ್ಲಿ ಮಳೆಗಾಲದ ಸಂಜೆ ಗಂಡ ಮುದ್ದಣನ ಎದುರು ಕೂತು ಪದ್ಯ ಬೇಡ ಗದ್ಯದಲ್ಲೇ ಹೇಳಿ ಎಂದು ಹಟ ಹಿಡಿಯುವ, ಕಥೆ ಎಲ್ಲಿ ಜಾರಿದರೂ ಅಲ್ಲೇ ಹಿಡಿದು ಕೇಳುವ ಮನೋರಮೆಯನ್ನು ಈ ಪ್ರಕಾರದ ಮೊದಲ ವಿಮರ್ಶಕಿ ಎಂದು ಘೋಷಿಸಲಾಗಿದೆ. ಆಮೇಲೆ ಬಂದವರಲ್ಲಿ ಅಷ್ಟು ಗಮನವಿಟ್ಟು ಕೇಳಿದವರು ಕಡಿಮೆ.

ಮೂರನೆಯ ಲಕ್ಷಣ, ಕಲ್ಪಿತ ರಾಜ್ಯ. ಅದು ಸಿಗುವುದು ಟೆಂಟಿನ ಯಕ್ಷಗಾನದಲ್ಲಿ. ಪುರಾಣ ಪ್ರಸಂಗಗಳಿಗೆ ಟಿಕೆಟು ಸಾಲದಾದಾಗ ಮೇಳಗಳು ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ಯಂಥ ಕಾಲ್ಪನಿಕ ಪ್ರಸಂಗ ಹಿಡಿದವು. ಯಾವ ಗಜೆಟಿಯರಿನಲ್ಲೂ ಇಲ್ಲದ ರಾಜ್ಯ, ಶಾಪ, ದುಷ್ಟ, ನಡುರಾತ್ರಿ ಚೆಂಡೆಯ ಏರುಪೆಟ್ಟಿಗೆ ನಿದ್ದೆಯಿಂದ ಎದ್ದು ಕೂರುವ ಮಕ್ಕಳು. ಈಗ ಸಿನಿಮಾ ಅದೇ ದಾರಿ ಹಿಡಿದಿದೆ. 2022ರ ‘ಕಾಂತಾರ’ದ ನಂತರದ ಭಾಗ ಮುಂದಕ್ಕೆ ಹೋಗದೆ ಕದಂಬರ ಕಾಲಕ್ಕೆ ಹಿಂದಕ್ಕೆ ನಡೆಯಿತು. ಕರಾವಳಿಯಲ್ಲಿ ಕಥೆ ಬೆಳೆಯುವ ದಿಕ್ಕೇ ಅದು.

ಸಿದ್ಧಾಂತಕ್ಕೆ ಪ್ರತ್ಯುದಾಹರಣೆ ಬೇಕಲ್ಲವೇ? ಅದೂ ಕಾರ್ಕಳದಲ್ಲೇ ಇದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲ ಶೆಣೈ. 1973ರಲ್ಲಿ ಮೂರ್ತಿ ಧರ್ಮಸ್ಥಳಕ್ಕೆ ಸಾಗಿತು. ಶಿಲ್ಪಿಯ ಹೆಸರು ಎಲ್ಲರಿಗೂ ಗೊತ್ತು, ಗೌರವ ಸಂದಿದೆ, ಕೈಕಾಲು ಭದ್ರವಾಗಿದ್ದವು. ಪರಿಣಾಮವಾಗಿ ಅವರ ಬಗ್ಗೆ ಒಂದೇ ಒಂದು ಅದ್ಭುತ ಕಥೆಯೂ ಹುಟ್ಟಲಿಲ್ಲ. ಸಾಹಿತ್ಯಕ್ಕೆ ನಷ್ಟ, ಶಿಲ್ಪಿಗೆ ಲಾಭ. ಪ್ರಬಂಧಕಾರನ ಮತ ಶಿಲ್ಪಿಗೆ.

ಈ ಸಿದ್ಧಾಂತಕ್ಕೆ ಆಕ್ಷೇಪಣೆ ಇರುವವರು ಬೀರು ಕಲ್ಕುಡನ ಜನನ ಪ್ರಮಾಣಪತ್ರದ ದೃಢೀಕೃತ ನಕಲನ್ನು ಲಗತ್ತಿಸಿ ಲಿಖಿತವಾಗಿ ಸಲ್ಲಿಸತಕ್ಕದ್ದು. ಬಾಯಿಮಾತಿನ ಆಕ್ಷೇಪಣೆಗಳನ್ನು ಜೋಡುರಸ್ತೆಯಲ್ಲಿ ಸ್ವೀಕರಿಸಲಾಗುವುದು; ಚಾಯದ ಬಿಲ್ಲು ಆಕ್ಷೇಪಕರದ್ದು.