ಪೂಜ್ಯ ಸೊನ್ನೆರಾಯರು

ನಮ್ಮ ಅಜ್ಜ ಲೆಕ್ಕ ಹೇಳಿಕೊಡುವಾಗ ಸೊನ್ನೆಯನ್ನು ‘ಪೂಜ್ಯ’ವೆಂದೇ ಕರೆಯುತ್ತಿದ್ದರು. ತನ್ನಷ್ಟಕ್ಕೆ ತಾನು ಏನೂ ಅಲ್ಲದೆ, ಇನ್ನೊಂದು ಅಂಕಿಯ ಬಲಮಗ್ಗುಲಲ್ಲಿ ನಿಂತ ಮಾತ್ರಕ್ಕೆ ಅದರ ಬೆಲೆಯನ್ನು ಹತ್ತುಮಡಿ ಮಾಡುವ ಈ ಪೊಳ್ಳುವೃತ್ತಕ್ಕೆ ಅಂಥ ಗೌರವವೇಕೆಂಬುದು ಬಾಲ್ಯದಲ್ಲಿ ನನಗೆ ಬಗೆಹರಿಯದ ಸಮಸ್ಯೆಯಾಗಿದ್ದಿತು. ಅದು ಬಗೆಹರಿದುದು, ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನೌಕರಿಗೆ ಸೇರಿ, ಊರಿನಲ್ಲಿ ನನ್ನ ಮದುವೆಯ ದಿನ ಗೊತ್ತಾಯಿತೋ ಇಲ್ಲವೋ ಎಂದು ತಿಳಿಯುವುದಕ್ಕೊಂದು ಎಸ್.ಟಿ.ಡಿ. ಕರೆಯನ್ನು ಬೇಡುತ್ತ, ಸೊನ್ನೆರಾಯರ ಸನ್ನಿಧಿಯಲ್ಲಿ ಕೈಕಟ್ಟಿ ನಿಂತ ದಿನ.

ಸೊನ್ನೆರಾಯರೆಂಬುದು ಅವರ ತಂದೆತಾಯಿಗಳು ಇಟ್ಟ ಹೆಸರಲ್ಲ. ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದ್ದಿತು. ಕಚೇರಿಯ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆಯ ಮೂಲಕ ಹೊರಗಿನ ಪ್ರಪಂಚದೊಡನೆ ಮಾತನಾಡಬೇಕೆಂಬುವನು ಮೊದಲು ಸೊನ್ನೆಯನ್ನು ಒತ್ತಿ ಲೈನು ಪಡೆಯಬೇಕು. ಒತ್ತಿದ ಕೂಡಲೆ ಲೈನು ದೊರೆಯುವ ಸೌಭಾಗ್ಯಕ್ಕೆ ‘ಜೀರೋ ಡಯಲಿಂಗ್’ ಎಂದು ಹೆಸರು. ಆ ಸೌಭಾಗ್ಯವನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಲಾಗದು, ಕೊಟ್ಟವರಿಂದ ಯಾವಾಗ ಹಿಂದಕ್ಕೆ ಪಡೆಯಬೇಕು ಎಂಬುದನ್ನೆಲ್ಲ ವಿಧಿಸುವ ‘ಡಯಲ್ ಪ್ಲಾನ್’ ಎಂಬ ಧರ್ಮಶಾಸ್ತ್ರಕ್ಕೆ ಕರ್ತೃಗಳೂ ಭಾಷ್ಯಕಾರರೂ ದಂಡಾಧಿಕಾರಿಗಳೂ ರಾಯರೊಬ್ಬರೇ ಆಗಿದ್ದುದರಿಂದ, ಸೊನ್ನೆಯು ಅವರ ಸ್ವತ್ತಾಗಿ, ಕ್ರಮೇಣ ಅವರ ಹೆಸರೂ ಆಯಿತು. ಇಂಥವರೊಬ್ಬರಿಲ್ಲದ ಕಚೇರಿಯನ್ನು ನಾನು ಕಂಡಿಲ್ಲ. ಹೊಸ ಪೆನ್ನು ಬೇಕಾದರೆ ಹಳೆಯ ಪೆನ್ನಿನ ಕಳೇಬರವನ್ನು ತಂದು ತೋರಿಸೆನ್ನುವ ಸ್ಟೇಷನರಿ ಗುಮಾಸ್ತ, ಓದುಗರು ಬಾರದ ದಿನವೇ ಪುಸ್ತಕಗಳಿಗೆ ಕ್ಷೇಮವೆಂದು ನಂಬಿರುವ ಗ್ರಂಥಪಾಲ, ಇವರೆಲ್ಲ ರಾಯರ ಸಗೋತ್ರದವರೇ. ಹುದ್ದೆ ಸಣ್ಣದು, ಸಂಬಳ ಇನ್ನೂ ಸಣ್ಣದು; ಆದರೆ ದೊಡ್ಡವರೆಲ್ಲರೂ ತಲೆ ತಗ್ಗಿಸಿ ನುಗ್ಗಬೇಕಾದ ಬಾಗಿಲಿನ ಅಗುಳಿ ಅವರ ಕೈಯಲ್ಲಿ.

ರಾಯರ ಪೀಠವಿದ್ದುದು ಮೆಟ್ಟಿಲಿನ ಕೆಳಗಿನ, ನೆಟ್ಟಗೆ ನಿಂತರೆ ತಲೆ ತಾಗುವಂಥ ಗೂಡಿನಲ್ಲಿ. ಗೋಡೆಯ ಮೇಲೆ ಮಿಣುಕುದೀಪಗಳ ಪೆಟ್ಟಿಗೆ, ಅದಕ್ಕೆ ದಿನವೂ ಒಂದು ಎಸಳು ಕನಕಾಂಬರ. ಮೇಜಿನ ಮೇಲೆ ಕೆಂಪು ರಟ್ಟಿನ ಒಂದು ಉದ್ದನೆಯ ಲೆಡ್ಜರು, ಕತ್ತಿಯಿಂದ ಹೆರೆದ ಒಂದು ಪೆನ್ಸಿಲ್ಲು, ಅಳಿಸಿ ಅಳಿಸಿ ಹುಣಿಸೆಬೀಜದಷ್ಟಾಗಿದ್ದ ಒಂದು ರಬ್ಬರು. ಪೆಟ್ಟಿಗೆಯ ಕಟ್ಟಳೆಗಳನ್ನು ತಿದ್ದುವ ಮುನ್ನ ಫೋನಿನ ಗುಂಡಿಗಳ ಮೇಲೆ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿದ್ದಿತಷ್ಟೆ. ಆಗ ರಾಯರು, ದೃಷ್ಟಿ ತಾಗೀತೆಂದು ಎಲೆಯ ಮೇಲಿನ ಹೋಳಿಗೆಯನ್ನು ಮರೆಮಾಡುವ ತಾಯಿಯಂತೆ, ಎಡಗೈಯನ್ನೂ ಅರ್ಧ ದೇಹವನ್ನೂ ಅಡ್ಡಗಟ್ಟಿ, ‘ಆ ಕಡೆ ನೋಡಿ’ ಎನ್ನುತ್ತಿದ್ದರು. ನಾವು ಆ ಕಡೆ ನೋಡುತ್ತಿದ್ದೆವು. 1986ರಲ್ಲಿ, ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಪ್ರಥಮ ಗ್ರಾಮೀಣ ಎಕ್ಸ್‌ಚೇಂಜು ನಡೆಯತೊಡಗಿದ ವರ್ಷವೇ, ತಾವೂ ಕೆಲಸಕ್ಕೆ ಸೇರಿದುದನ್ನು ಅವರು ಹೇಳಿಕೊಳ್ಳುತ್ತಿದ್ದ ರೀತಿಯಲ್ಲಿ, ಚೆನ್ನಮ್ಮನ ಊರಿನ ಎರಡನೆಯ ಇತಿಹಾಸದಲ್ಲಿ ತಮ್ಮದೂ ಒಂದು ಪಾಲಿದೆಯೆಂಬ ಧ್ವನಿಯಿರುತ್ತಿದ್ದಿತು.

ರಾಯರ ಶಾಸ್ತ್ರದಲ್ಲಿ ಕಚೇರಿಯ ಸಮಸ್ತ ಪ್ರಜೆಗಳೂ ನಾಲ್ಕು ವರ್ಣಗಳಾಗಿ ವಿಂಗಡವಾಗಿದ್ದರು. ಇಂಟರ್‌ಕಾಮಿನಲ್ಲಿ ಮಾತ್ರ ಮಾತನಾಡತಕ್ಕವರು ಕೊನೆಯವರು, ಲೋಕಲ್ ಕರೆಯ ಅಧಿಕಾರವುಳ್ಳವರು ಅವರ ಮೇಲೆ, ಎಸ್.ಟಿ.ಡಿ.ಯವರು ಅವರ ಮೇಲೆ; ಸಮುದ್ರೋಲ್ಲಂಘನದ ಐ.ಎಸ್.ಡಿ. ಹಕ್ಕಿನವರು ಬೆರಳೆಣಿಕೆಯ ಅಗ್ರಗಣ್ಯರು. ಬಡ್ತಿ ಬಂದವನಿಗೆ ಕುರ್ಚಿಗೆ ಟವಲು ಬರುವುದಕ್ಕಿಂತ ಮೊದಲು ಎಸ್.ಟಿ.ಡಿ. ಬರಬೇಕೆಂಬ ಆಸೆ, ‘ಆರ್ಡರಿನ ಪ್ರತಿ ನನಗಿನ್ನೂ ಬಂದಿಲ್ಲ’ವೆಂದು ರಾಯರ ತಡೆ. ಟೆಲಿಫೋನು ಇರುವುದು ಜನ ಮಾತನಾಡಲೆಂದೆಂಬುದು ಪಾಮರರ ಕಲ್ಪನೆ, ಅದಿರುವುದು ಮಾತನಾಡಬಾರದವರು ಮಾತನಾಡದಿರಲೆಂದು, ಎಂಬುದು ಅವರ ಸಿದ್ಧಾಂತ. ಇದಕ್ಕೆ ಅವರಲ್ಲೊಂದು ಪುರಾಣದ ಆಧಾರವೂ ಇದ್ದಿತು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರನೆಂಬ ಶವಸಂಸ್ಕಾರದ ವ್ಯಾಪಾರಿಯೊಬ್ಬನಿದ್ದನಂತೆ; ಎಕ್ಸ್‌ಚೇಂಜಿನಲ್ಲಿ ಕುಳಿತು ಕರೆಗಳನ್ನು ಜೋಡಿಸುತ್ತಿದ್ದ ಹೆಂಗಸು ಅವನ ಪ್ರತಿಸ್ಪರ್ಧಿಯ ಹೆಂಡತಿಯಂತೆ; ಊರಿನಲ್ಲಿ ಸತ್ತವರ ಮನೆಯ ಕರೆಗಳೆಲ್ಲವೂ ತನ್ನನ್ನು ಬಿಟ್ಟು ಅವಳ ಗಂಡನ ಅಂಗಡಿಗೇ ತಿರುಗುತ್ತಿವೆಯೆಂಬ ಸಂಶಯದಿಂದ ಕುದಿದು, ಮನುಷ್ಯರ ಕೈಯೇ ಬೇಡವೆಂದು ಅವನು ಕಲ್ಪಿಸಿದ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟು ದೊರೆತು, ಮರುವರ್ಷವೇ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಅದು ನಡೆಯತೊಡಗಿತಂತೆ. ಈ ಕಥೆಯನ್ನು ಮುಗಿಸಿ ರಾಯರು, ‘ನೋಡಿ, ಈ ವಿದ್ಯೆ ಹುಟ್ಟಿದ್ದೇ ಸಂಶಯದಿಂದ’ ಎನ್ನುವರು. ಎಂದು, ನಮ್ಮ ಅರ್ಜಿಯನ್ನು ಸಂಶಯದಿಂದ ನೋಡುವರು.

ಆದರೆ ಶಾಸ್ತ್ರಕಾರರಿಗೂ ಪ್ರಮಾದ ತಪ್ಪಿದ್ದಲ್ಲ. ಆದಿಯಲ್ಲಿ ಅವರು ಎಕ್ಸ್‌ಟೆನ್ಷನ್‌ಗಳನ್ನು 101ರಿಂದ ಆರಂಭಿಸಿದ್ದರು. ದೈವಭಕ್ತರಾದ ನಮ್ಮ ಹೆಡ್ ಅಕೌಂಟೆಂಟರು, ಅಷ್ಟೋತ್ತರದ ಸಂಖ್ಯೆಯೆಂದು 108ನ್ನು ಬೇಡಿ ಪಡೆದು, ಹಲವು ವರ್ಷ ಅದನ್ನು ನಿಷ್ಠೆಯಿಂದ ಅನುಭವಿಸಿದರು. 2008ರಲ್ಲಿ ರಾಜ್ಯದಲ್ಲಿ 108ರ ಆಂಬುಲೆನ್ಸ್ ಬಂದಿತು. ಅನಂತರದ ಒಂದು ಏಕಾದಶಿಯಂದು, ನಿರ್ಜಲೋಪವಾಸದಲ್ಲಿದ್ದ ರವಾನೆ ವಿಭಾಗದ ಒಬ್ಬರು ತಲೆಸುತ್ತಿ ಬಿದ್ದಾಗ, ಪಕ್ಕದ ಹುಡುಗನು ಗಾಬರಿಯಿಂದ ಫೋನೆತ್ತಿ 108 ಒತ್ತಿ, ‘ತುಂಬ ಅರ್ಜೆಂಟು ಸಾರ್, ಕೂಡಲೇ ಕಳಿಸಿಕೊಡಿ’ ಎಂದು ಕೂಗಿದನು. ‘ಅರ್ಜೆಂಟು ಎಲ್ಲರಿಗೂ ಇರುತ್ತದಪ್ಪ. ಹಿಂದಿನ ಮುಂಗಡದ ಲೆಕ್ಕ ಕೊಟ್ಟಿದ್ದೀರಾ?’ ಎಂದು ಆ ಕಡೆಯಿಂದ ಶಾಂತವಾದ ಉತ್ತರ ಬಂದಿತು. ಬಿದ್ದವರು ಕಾಫಿಯಿಂದಲೇ ಚೇತರಿಸಿಕೊಂಡರಾದರೂ, ರಾಯರು ಚೇತರಿಸಿಕೊಳ್ಳಲಿಲ್ಲ. ಆ ಭಾನುವಾರ ಒಬ್ಬರೇ ಕುಳಿತು, ಒಂದರಿಂದ ಆರಂಭವಾಗುವ ಸಂಖ್ಯೆಗಳೆಲ್ಲವನ್ನೂ ಸರಕಾರಕ್ಕೆ ಬಿಟ್ಟುಕೊಟ್ಟು, ಇಡೀ ಕಚೇರಿಯನ್ನು 200ರ ಶ್ರೇಣಿಗೆ ಎತ್ತಿ ಕೂರಿಸಿದರು; ಲೆಡ್ಜರಿನ ಮೊದಲ ಪುಟದಲ್ಲಿ, ಗ್ರಂಥಾರಂಭದ ಮಂಗಳಾಚರಣೆಯೋ ಎಂಬಂತೆ, 100, 101, 108 ಎಂದು ಕೆಂಪು ಶಾಯಿಯಿಂದ ಬರೆದು, ಇವಕ್ಕೆ ಯಾವ ವರ್ಣಭೇದವೂ ಇಲ್ಲವೆಂದು ಷರಾ ಹಾಕಿದರು. ಅಕೌಂಟೆಂಟರಿಗೆ 208 ಬಂದಿತು. ಸಂಖ್ಯೆಗೆ ನೂರು ಸೇರಿದರೂ ಪುಣ್ಯಕ್ಕೆ ಕಾಸೂ ಸೇರಲಿಲ್ಲವೆಂದು ಅವರು ಬಹುಕಾಲ ನೊಂದರು. ವಿಸಿಟಿಂಗ್ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಸಬೇಕಾಗಿ ಬಂದ ಉಳಿದವರ ತಾಪತ್ರಯಗಳು ನಿಜವಾಗಿಯೂ ನೂರೆಂಟು.

ಈ ನಡುವೆ ಮ್ಯಾನೇಜರು, ದೊಡ್ಡವರ ನಂಬರು ಚಿಕ್ಕದಾಗಿರುವುದು ಲೋಕರೂಢಿಯೆಂದು ಹಟಹಿಡಿದು, ತಮಗೆ ಬರಿಯ 20 ಎಂಬ ಎರಡಂಕಿಯ ನಂಬರನ್ನು ಹಾಕಿಸಿಕೊಂಡರು. ಅಂದಿನಿಂದ ಅವರಿಗೆ ಕರೆ ಮಾಡಿದವರೆಲ್ಲ ಎರಡಂಕಿ ಒತ್ತಿ ನಾಲ್ಕೈದು ಸೆಕೆಂಡು ಮೌನದಲ್ಲಿ ನಿಲ್ಲಬೇಕಾಯಿತು. ಏಕೆಂದರೆ 201, 202 ಎಂಬ ನಂಬರುಗಳೂ ಇದ್ದುದರಿಂದ, ಒತ್ತುವವನು ನಿಲ್ಲಿಸಿದನೋ ಇನ್ನೂ ಒತ್ತುವವನಿದ್ದಾನೋ ಎಂದು ಪೆಟ್ಟಿಗೆ ಕಾಯುತ್ತಿದ್ದಿತು. ‘ಕನ್ನಡ ವಾಕ್ಯದ ಹಾಗೆ ಸಾರ್, ಕ್ರಿಯಾಪದ ಬರುವ ತನಕ ಅದಕ್ಕೆ ಅರ್ಥವಾಗದು’ ಎಂದು ರಾಯರು ವಿವರಿಸಿ, ಬೇಕಾದರೆ ಮೂರಂಕಿ ಮಾಡಿಕೊಡುವೆನೆಂದರು. ಮ್ಯಾನೇಜರು ಒಪ್ಪಲಿಲ್ಲ, ತಮ್ಮನ್ನು ಕಾಣಬೇಕೆಂಬುವನು ಕಿಂಚಿತ್ತು ಕಾಯುವುದು ಅವರಿಗೆ ಪ್ರಿಯವೇ ಆಗಿದ್ದಿತು.

ಕಾಲಾಂತರದಲ್ಲಿ ಹಳೆಯ ಪೆಟ್ಟಿಗೆ ಹೋಗಿ, ಆಸ್ಟರಿಸ್ಕ್ ಎಂಬ ತಂತ್ರಾಂಶದ ಕಂಪ್ಯೂಟರು ಬಂದಿತು. ರಾಯರ ಯುಗ ಮುಗಿಯಿತೆಂದು ನಾವು ಒಳಗೊಳಗೇ ಹಿಗ್ಗಿದೆವು. ಆದರೆ ಅದನ್ನು ಕೂರಿಸಲು ಬಂದ ತರುಣನು, ಇದರಲ್ಲಿ ಎಕ್ಸ್ ಎಂದರೆ 0ಯಿಂದ 9ರವರೆಗಿನ ಯಾವ ಅಂಕಿಯಾದರೂ ಸರಿ, ಝಡ್ ಎಂದರೆ 1ರಿಂದ 9, ಎನ್ ಎಂದರೆ 2ರಿಂದ 9, ಕೊನೆಗೊಂದು ಚುಕ್ಕೆಯಿಟ್ಟರೆ ಮುಂದೆ ಒಂದಾದರೂ ಬರಲಿ ಹತ್ತಾದರೂ ಬರಲಿ ಎಂದರ್ಥ, ಎಂದು ಪಾಠ ಒಪ್ಪಿಸುತ್ತಿದ್ದಂತೆ, ಹುಡುಗತನದಲ್ಲಿ ಎರಡು ವರ್ಷ ಸಂಸ್ಕೃತ ಪಾಠಶಾಲೆಯಲ್ಲಿ ಕಳೆದಿದ್ದ ರಾಯರ ಮುಖ ಅರಳಿತು. ‘ಇದು ಪಾಣಿನಿಯ ಪ್ರತ್ಯಾಹಾರವಲ್ಲವೇನಯ್ಯ! ಅಚ್ ಎಂದರೆ ಸ್ವರಗಳೆಲ್ಲ, ಹಲ್ ಎಂದರೆ ವ್ಯಂಜನಗಳೆಲ್ಲ’ ಎಂದರು. ಒಂದೇ ಸಂಖ್ಯೆಗೆ ಎರಡು ಸೂತ್ರಗಳು ಹೊಂದಿದರೆ ಹೆಚ್ಚು ನಿರ್ದಿಷ್ಟವಾದ ಸೂತ್ರವೇ ಗೆಲ್ಲುವುದೆಂದು ಅವನು ಹೇಳಿದಾಗಲಂತೂ, ‘ಉತ್ಸರ್ಗಕ್ಕೆ ಅಪವಾದ ಬಾಧಕ! ಗೊತ್ತು, ಮುಂದೆ ಹೇಳು’ ಎಂದು ಕುರ್ಚಿಯನ್ನೇ ಮುಂದಕ್ಕೆಳೆದುಕೊಂಡರು. ಆ ತರುಣನು ಸಂಜೆಯ ಹೊತ್ತಿಗೆ ಶಿಷ್ಯನಾಗಿ ಹಿಂದಿರುಗಿದನು. ಅಲ್ಲಿಂದ ಮುಂದೆ ಕಚೇರಿಯ ಸಂವಿಧಾನವು ಸೂತ್ರರೂಪದಲ್ಲಿ ನೆಲೆಗೊಂಡಿತು: ಹೊರಹೋಗಲು ಒಂದು ಸೊನ್ನೆ, ಅದರ ಬೆನ್ನಿಗೇ ಇನ್ನೊಂದು ಸೊನ್ನೆ ಬಂದರೆ ಅದು ಮೈಸೂರಿನ 0821 ಆದೀತು, ಹುಬ್ಬಳ್ಳಿಯ 0836 ಆದೀತು, ಅಂತೂ ಎಸ್.ಟಿ.ಡಿ.; ಎಸ್.ಟಿ.ಡಿ. ಎಂದಾದರೆ ಆಯಾ ವ್ಯಕ್ತಿಯ ಗುಪ್ತಸಂಖ್ಯೆಯನ್ನು ಕೇಳತಕ್ಕದ್ದು.

2020ರಲ್ಲಿ ರಾಯರು ನಿವೃತ್ತರಾದರು. ಹಾರ, ಶಾಲು, ಫಲತಾಂಬೂಲಗಳನ್ನು ಸ್ವೀಕರಿಸಿ, ಲೆಡ್ಜರನ್ನು ಮ್ಯಾನೇಜರ ಬೀರುವಿನಲ್ಲಿಟ್ಟು, ‘ಎಲ್ಲ ಬರೆದಿದ್ದೇನೆ’ ಎಂದಷ್ಟೇ ಹೇಳಿ ಹೊರಟರು. ಆ ಬೀರುವನ್ನು ಯಾರೂ ತೆರೆಯಲಿಲ್ಲ. ತೆರೆಯುವ ಪ್ರಸಂಗವೇ ಬರಲಿಲ್ಲ. ಬಂದುದು 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ. ಇನ್ನು ಮೇಲೆ ಸ್ಥಿರ ದೂರವಾಣಿಯಿಂದ ಯಾವ ಮೊಬೈಲಿಗೆ ಕರೆ ಮಾಡಿದರೂ ಮುಂದೊಂದು ಸೊನ್ನೆ ಸೇರಿಸಬೇಕೆಂದು, ಹಾಗೆ ಮಾಡುವುದರಿಂದ 254 ಕೋಟಿಗೂ ಮಿಕ್ಕಿ ಹೊಸ ನಂಬರುಗಳಿಗೆ ಎಡೆಯಾಗುವುದೆಂದು, ಕೇಂದ್ರ ದೂರಸಂಪರ್ಕ ಇಲಾಖೆಯವರು ವಿಧಿಸಿದ ದಿನವದು. ದೇಶಕ್ಕೆ ಅದು ಒಂದೇ ಸೊನ್ನೆ. ಈಗಾಗಲೇ ಹೊರಹೋಗಲು ಒಂದನ್ನು ತೆರುತ್ತಿದ್ದ ನಮಗೆ ಎರಡು. ಎರಡು ಸೊನ್ನೆ ಕಂಡ ಕೂಡಲೆ ರಾಯರ ಸೂತ್ರವು, ಬಂದವನು ಎಸ್.ಟಿ.ಡಿ.ಯವನೆಂದು ನಿರ್ಣಯಿಸಿ, ಗುಪ್ತಸಂಖ್ಯೆ ಕೇಳಿತು. ಜೇಬಿಗೆ ಮೊಬೈಲು ಬಂದಂದಿನಿಂದ ಗುಪ್ತಸಂಖ್ಯೆಯನ್ನು ಬಳಸಿದವರಾರು, ನೆನಪಿಟ್ಟವರಾರು! ಗ್ರಾಹಕರಿಗೆ ಸ್ವಂತ ಮೊಬೈಲಿನಿಂದ ಕರೆ ಮಾಡಕೂಡದೆಂಬ ಸುತ್ತೋಲೆಯ ಕೆಳಗೆ ಮ್ಯಾನೇಜರದೇ ರುಜುವಿದ್ದಿತು. ಬೀರುವಿನ ಬೀಗದ ಕೈ ಸಿಗಲಿಲ್ಲ. ಮ್ಯಾನೇಜರು ತಮ್ಮ ಮೊಬೈಲಿನಿಂದ ರಾಯರಿಗೆ ಮೂರು ಸಲ ಕರೆ ಮಾಡಿದರು. ಅಪರಿಚಿತ ನಂಬರುಗಳನ್ನು ಎತ್ತುವ ದೌರ್ಬಲ್ಯ ರಾಯರಿಗೆ ಮನೆಯಲ್ಲಿಯೂ ಇರಲಿಲ್ಲ.

ಆಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ವಾಚ್‌ಮನ್, ‘ನಮ್ಮ ಗೇಟಿನ ಫೋನಲ್ಲಿ ಹೋಗ್ತದಲ್ಲ ಸಾರ್. ಬೆಳಿಗ್ಗೆ ಮಗಳಿಗೆ ಮಾಡಿದ್ದೆ’ ಎಂದನು.

ಅರ್ಧ ಗಂಟೆಯೊಳಗೆ ಇಡೀ ಕಚೇರಿಯು, ಮುಖಕ್ಕೆ ಮಾಸ್ಕು ತೊಟ್ಟು, ಒಬ್ಬನು ಕುಳಿತರೆ ಇನ್ನೊಬ್ಬನು ಹೊರಗೆ ನಿಲ್ಲಬೇಕಾದ ಆ ಕಾವಲುಗೂಡಿನ ಮುಂದೆ ಸಾಲಾಗಿ ನಿಂತಿದ್ದಿತು. ಸಾಲಿನ ಮೊದಲಿಗೆ ಮ್ಯಾನೇಜರು. ‘ಒಂದು ಸೊನ್ನೆ ನಮ್ಮ ಗೇಟಿಗೆ, ಇನ್ನೊಂದು ಸೊನ್ನೆ ಸರಕಾರಕ್ಕೆ, ಸಾರ್’ ಎಂದು ವಾಚ್‌ಮನ್ ಬೋಧಿಸಿದನು. ಮೊದಲನೆಯ ಗಂಟೆಗೇ ಆ ಕಡೆ ಫೋನೆತ್ತಿದ ರಾಯರು, ನಮಸ್ಕಾರಕ್ಕೂ ಎಡೆಗೊಡದೆ ಕೇಳಿದ್ದು ಒಂದೇ ಮಾತು: ‘ಗೇಟಿನಿಂದ ಮಾತನಾಡುತ್ತಿದ್ದೀರಲ್ಲವೇ?’

‘ನಿಮಗೆ ಹೇಗೆ ಗೊತ್ತಾಯಿತು ರಾಯರೇ?’

‘ಇವತ್ತು ಬೇರೆಲ್ಲಿಂದ ಬಂದೀತು ಸಾರ್? ರಾತ್ರಿ ಹೊತ್ತು ಎಚ್ಚರವಾಗಿರುವವನು ಅವನೊಬ್ಬನೇ. ಅವನಿಗೆ ಯಾವ ತಡೆಯನ್ನೂ ಬರೆದಿಲ್ಲ. ಅಪವಾದ ಸೂತ್ರ, 41ನೆಯ ಪುಟ.’

ಮ್ಯಾನೇಜರು ಫೋನಿಟ್ಟು ಹಣೆಯೊರಸಿಕೊಂಡು ಹೊರಡುವಷ್ಟರಲ್ಲಿ, ವಾಚ್‌ಮನ್ ವಿನಯದಿಂದ ಒಂದು ನೋಟುಪುಸ್ತಕವನ್ನು ಮುಂದಿಟ್ಟನು. ರಾಯರ ಕಟ್ಟಳೆಯಂತೆ ಗೇಟಿನ ಫೋನು ಬಳಸಿದವರೆಲ್ಲರೂ ತಮ್ಮ ಹೆಸರು, ಕರೆದ ನಂಬರು, ಕರೆಯ ಕಾರಣ ಈ ಮೂರನ್ನೂ ಬರೆದು ರುಜು ಮಾಡತಕ್ಕದ್ದೆಂದಿದ್ದಿತು. ಮ್ಯಾನೇಜರು ಹೆಸರು ಬರೆದರು, ನಂಬರು ಬರೆದರು. ಕಾರಣದ ಅಂಕಣದಲ್ಲಿ ಏನು ಬರೆಯುವುದೆಂದು ತೋಚದೆ, ಸ್ವಲ್ಪ ಹೊತ್ತು ಯೋಚಿಸಿ, ಒಂದು ಸೊನ್ನೆ ಸುತ್ತಿದರು. ಅವರ ಹಿಂದೆ ನಿಂತಿದ್ದ ನಾವೆಲ್ಲರೂ ಅದರ ಕೆಳಗೆ ಅದನ್ನೇ ಸುತ್ತಿದೆವು.